ಮನೆಯಲ್ಲೇ ಜಿ ಅಳೆದೆ, 9.43 ಬಂತು. ತಪ್ಪಿದ್ದೆಲ್ಲಿ?

ತೂಗುಬೀಗ:
ಗುರುತ್ವದಿಂದ ಕೆಳಗೆ ಬೀಳುವ ವಸ್ತುವಿನ ವೇಗ ಸೆಕೆಂಡು ಸೆಕೆಂಡಿಗೂ ಎಷ್ಟು ಹೆಚ್ಚುತ್ತದೆ ಅನ್ನುವ ಅಂಕಿಯೇ ಜಿ, ಅದು 9.8ರ ಹತ್ತಿರ ಇರಬೇಕು. ಅದನ್ನು ಅಳೆಯಲು ರಜೆಯಲ್ಲಿ ಬೇಜಾರಾಗಿ ಸುಮ್ನೆ ಒಂದು ಲೋಲಕ ಕಟ್ಟಿದೆ. ಬಾಗಿಲ ಚೌಕಟ್ಟಿಗೆ ಒಂದು ಮೊಳೆ, ಮೊಳೆಗೆ ಹೊಲಿಗೆ ದಾರ, ದಾರದ ತುದಿಗೆ ಒಂದು ಹಳೇ ಬೀಗ. ಮೊಳೆಯಿಂದ ಬೀಗದ ಕೊಂಡಿಗೆ ಹಾಕಿದ ಗಂಟಿನವರೆಗೆ ದಾರದ ಉದ್ದ ಸರಿಯಾಗಿ 80 ಸೆಂ.ಮೀ. 20 ತೂಗಾಟಕ್ಕೆ (ಹೋಗಿ ಬಂದರೆ ಒಂದು) ಎಷ್ಟು ಹೊತ್ತು ಬೇಕು ಎಂದು ಫೋನಿನ ಸ್ಟಾಪ್‌ವಾಚ್ ಹಿಡಿದು ಐದು ಸಲ ನೋಡಿದೆ. ಸರಾಸರಿ 36.6 ಸೆಕೆಂಡು. ಒಂದು ತೂಗಾಟಕ್ಕೆ 1.83 ಆಯಿತು.

ಪೈ ವರ್ಗದ ನಾಲ್ಕರಷ್ಟನ್ನು ಉದ್ದದಿಂದ ಗುಣಿಸಿ, ತೂಗಾಟದ ಅವಧಿಯ ವರ್ಗದಿಂದ ಭಾಗಿಸಿದರೆ ಜಿ ಬರಬೇಕು. ನನಗೆ ಬಂದದ್ದು 9.43. ಮರುದಿನ ಮತ್ತೆ ಮಾಡಿದೆ. ಮತ್ತೆ 9.4ರ ಆಸುಪಾಸು.

ಶಾಲೆಯ ಲ್ಯಾಬಿನಲ್ಲಿ ಹೀಗಾದರೆ ಏನು ಮಾಡುತ್ತಿದ್ದೆವು ಅಂತ ಎಲ್ಲರಿಗೂ ಗೊತ್ತು. 9.8 ಬರುವ ಹಾಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಈಗ ಸಹಿ ಹಾಕುವವರು ಯಾರೂ ಇಲ್ಲ. ಅದಕ್ಕೇ ಇರಬೇಕು, ನಿಜವಾಗಿ ಏನಾಗುತ್ತಿದೆ ಎಂದು ತಿಳಿಯದೆ ನಿದ್ದೆ ಬರುತ್ತಿಲ್ಲ.

ಹಾಗೇ, ಮನೆಯಲ್ಲಿ ಮಾಡಿ ಖುಷಿಪಟ್ಟ ಬೇರೆ ಪ್ರಯೋಗಗಳಿದ್ದರೂ ಹೇಳಿ. ಸೋಡಾ–ವಿನೆಗರ್ ಜ್ವಾಲಾಮುಖಿ ಮಾತ್ರ ಬೇಡ, ದಮ್ಮಯ್ಯ.

ಗೋಡೆಗಡಿಯಾರ:
ಬೀಗವನ್ನು ಎಷ್ಟು ಎಳೆದು ಬಿಟ್ಟಿರಿ? ಆ ಸೂತ್ರ ಸಣ್ಣ ತೂಗಾಟಕ್ಕೆ ಮಾತ್ರ. ಜಾಸ್ತಿ ಎಳೆದರೆ ಅವಧಿ ಹೆಚ್ಚಾಗುತ್ತದೆ, ಜಿ ಕಡಿಮೆ ಬರುತ್ತದೆ. ನಿಮಗೆ ಕಡಿಮೆಯೇ ಬಂದಿದೆ.

ತೂಗುಬೀಗ:
ಅಂದಾಜು 10 ಡಿಗ್ರಿ. ಕೋನಮಾಪಕ ಹಿಡಿದೇ ಬಿಟ್ಟಿದ್ದು.

ಗೋಡೆಗಡಿಯಾರ:
ಹಾಗಾದರೆ ಅದಲ್ಲ. 10 ಡಿಗ್ರಿಗೆ ಅವಧಿ ಹೆಚ್ಚುವುದು ನೂರಕ್ಕೆ 0.2ರಷ್ಟು ಮಾತ್ರ. 9.8 ಇದ್ದದ್ದು 9.43 ಆಗಬೇಕಾದರೆ ಅವಧಿ ನೂರಕ್ಕೆ ಸುಮಾರು 2 ಜಾಸ್ತಿಯಾಗಬೇಕು. ಅದಕ್ಕೆ 32 ಡಿಗ್ರಿ ಎಳೆಯಬೇಕಿತ್ತು. 10ಕ್ಕೂ 32ಕ್ಕೂ ಕಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಮಿಣುಕುಹುಳ:
ಸ್ಟಾಪ್‌ವಾಚ್ ಒತ್ತುವುದು ತಡವಾಗಿರಬಹುದಾ? ಎಣಿಸುವುದರಲ್ಲೂ ಒಂದು ಮೋಸ ಇದೆ. ಬೀಗ ಬಿಟ್ಟ ಕೂಡಲೇ "ಒಂದು" ಅನ್ನುತ್ತೇವೆ. ಅದು ಸೊನ್ನೆ ಆಗಬೇಕು. ನಾನು ಎಷ್ಟೋ ವರ್ಷ ಇದೇ ತಪ್ಪು ಮಾಡಿದ್ದೇನೆ.

ಗೋಡೆಗಡಿಯಾರ:
ಆ ತಪ್ಪು ಉಲ್ಟಾ ದಿಕ್ಕಿಗೆ ಎಳೆಯುತ್ತದೆ. 19 ತೂಗಾಟವನ್ನು 20 ಅಂದುಕೊಂಡರೆ ಅವಧಿ ಕಡಿಮೆಯಾಗಿ ಜಿ 10ನ್ನೂ ದಾಟುತ್ತದೆ. ಬೆರಳಿನ ತಡ ಅಂದರೆ 0.2 ಸೆಕೆಂಡು ಇರಬಹುದು. ಇಲ್ಲಿ ಬೇಕಾಗಿರುವುದು 0.7 ಸೆಕೆಂಡು, ಅದೂ ಐದು ಸಲವೂ ಒಂದೇ ಕಡೆಗೆ. ಬೆರಳು ಅಷ್ಟು ಶಿಸ್ತಿನದ್ದಲ್ಲ, ಒಮ್ಮೆ ಬೇಗ ಒಮ್ಮೆ ತಡ ಒತ್ತುತ್ತದೆ.

ಅನುಮಾನರಾಯ:
ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜಿ ಎಷ್ಟು ಅಂತ ಫೋನಿನಲ್ಲೇ ಒಂದು ಸೆಕೆಂಡಿನಲ್ಲಿ ಸಿಗುತ್ತದೆ. ಅದೇ ಫೋನನ್ನು ಸ್ಟಾಪ್‌ವಾಚ್ ಮಾಡಿಕೊಂಡು ಎರಡು ದಿನ ಕೂತು ತಪ್ಪು ಉತ್ತರ ಕಂಡುಹಿಡಿದಿದ್ದೀರಿ. ಮನೆಯಲ್ಲಿ ಮಾಡುವ ಈ ಆಟಗಳಿಂದ ಹೊಸದೇನಾದರೂ ಗೊತ್ತಾಗಿದೆಯಾ ಯಾವತ್ತಾದರೂ?

ಮೌನಓದುಗಿ:
ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು ನಾನು. ಇದಕ್ಕೆ ಮಾತ್ರ ಉತ್ತರ ಹೇಳಲೇಬೇಕು.

ಆಗ್ನೆಸ್ ಪೊಕೆಲ್ಸ್ ಅಂತ ಒಬ್ಬ ಜರ್ಮನ್ ಹೆಂಗಸು. ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮನ ಆರೈಕೆ, ಅಡುಗೆ, ಪಾತ್ರೆ. ಪಾತ್ರೆ ತೊಳೆಯುವ ನೀರಿಗೆ ಎಣ್ಣೆ ಜಿಡ್ಡು ಸೇರಿದಾಗ ನೀರಿನ ಮೇಲ್ಮೈ ಬೇರೆ ಥರ ನಡೆದುಕೊಳ್ಳುತ್ತದೆ ಅನ್ನುವುದನ್ನು ಆಕೆ ಗಮನಿಸಿದಳು. ಎಷ್ಟು ಬೇರೆ ಎಂದು ಅಳೆಯಲು ಒಂದು ತಗಡಿನ ತೊಟ್ಟಿ ಮಾಡಿಕೊಂಡಳು. ಅದರ ಮೇಲೆ ಅಡ್ಡಕ್ಕೆ ಒಂದು ಪಟ್ಟಿ. ಪಟ್ಟಿಯನ್ನು ಸರಿಸಿದರೆ ನೀರಿನ ಮೇಲಿನ ಜಿಡ್ಡು ಒತ್ತಾಗುತ್ತದೆ, ಬಿಟ್ಟರೆ ಹರಡಿಕೊಳ್ಳುತ್ತದೆ. ನೀರಿನ ಮೇಲ್ಮೈಗೆ ಒಂದು ಗುಂಡಿ ತಾಗಿಸಿ, ಅದನ್ನು ಎತ್ತಲು ಎಷ್ಟು ಬಲ ಬೇಕು ಎಂದು ತಕ್ಕಡಿಯಲ್ಲಿ ನೋಡುತ್ತಿದ್ದಳು. ಹೀಗೇ ಸುಮಾರು ಹತ್ತು ವರ್ಷ. ಆಮೇಲೆ 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಕಾಗದ ಬರೆದಳು. ಅವನು ಅದನ್ನು ನೇಚರ್ ಪತ್ರಿಕೆಗೆ ಕಳಿಸಿದ, ಅದೇ ವರ್ಷ ಅಚ್ಚಾಯಿತು. ಇರ್ವಿಂಗ್ ಲ್ಯಾಂಗ್ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂದದ್ದು ಇದೇ ಮೇಲ್ಮೈ ರಸಾಯನದ ಕೆಲಸಕ್ಕೆ. ಅವನು ಬಳಸಿದ ತೊಟ್ಟಿಯ ಮೂಲ ಪೊಕೆಲ್ಸ್ ಮನೆಯ ಅಡುಗೆಕೋಣೆಯಲ್ಲಿದೆ.

ಅನುಮಾನರಾಯ:
ಚೆನ್ನಾಗಿದೆ. ಆದರೆ ಅದು 1891.

ಮಿಣುಕುಹುಳ:
ನಕ್ಷತ್ರಗಳ ಬೆಳಕು ಏರಿಳಿಯುವುದನ್ನು ಮನೆಯ ಮಾಳಿಗೆಯಿಂದ ನೋಡಿ ಬರೆದಿಡುವ ಹವ್ಯಾಸಿಗಳ ಸಂಘ ಅಮೆರಿಕದಲ್ಲಿ 1911ರಿಂದ ನಡೆಯುತ್ತಿದೆ. ಬೇರೆ ದೇಶದವರೂ ಸೇರಿದ್ದಾರೆ. ಖಗೋಳ ವಿಜ್ಞಾನಿಗಳು ಆ ಲೆಕ್ಕಗಳನ್ನು ಇವತ್ತಿಗೂ ಬಳಸುತ್ತಾರೆ. ದೊಡ್ಡ ದೂರದರ್ಶಕ ಒಂದೇ ನಕ್ಷತ್ರದ ಮೇಲೆ ವರ್ಷಗಟ್ಟಲೆ ಕೂರುವುದಕ್ಕಾಗಲ್ಲ, ಅಲ್ವಾ?

ಬರಿಗಣ್ಣಿಗೇ ಸಾಕಾಗುವುದು ಒಂದಿದೆ, ಆಲ್ಗಾಲ್. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಮಗ್ಗುಲಿನ ನಕ್ಷತ್ರಗಳ ಜೊತೆ ಹೋಲಿಸಿ ನೋಡಿದರೆ ಸಾಕು. ಇಷ್ಟು ಲೆಕ್ಕಾಚಾರವಾಗಿ ಮಂಕಾಗುವುದೇಕೆ ಎಂದು ಜಾನ್ ಗುಡ್ರಿಕ್ 1783ರಲ್ಲಿ ವಿವರಣೆ ಕೊಟ್ಟ. ಏನೋ ಒಂದು ಅದರ ಮುಂದೆ ಹಾದುಹೋಗುತ್ತಿರಬಹುದು ಅಂದ. ಅವನಿಗೆ ಆಗ 18 ವರ್ಷ, ಕಿವಿ ಕೇಳುತ್ತಿರಲಿಲ್ಲ. ನಾನು ಆಲ್ಗಾಲ್ ಮಂಕಾದದ್ದನ್ನು ಮೊದಲ ಸಲ ನೋಡಿದಾಗ ಹೊಸದೇನನ್ನೂ ಕಂಡುಹಿಡಿಯಲಿಲ್ಲ, ನಿಜ. ಆದರೂ ಆ ರಾತ್ರಿ ಮಾಳಿಗೆಯಿಂದ ಇಳಿಯಲು ಮನಸ್ಸಾಗಲಿಲ್ಲ.

ಅನುಮಾನರಾಯ:
ಸರಿ, ಒಪ್ಪಿದೆ ಅಂತಲ್ಲ, ಸದ್ಯಕ್ಕೆ ಬಿಟ್ಟಿದ್ದೇನೆ. ಮೂಲ ಪ್ರಶ್ನೆಗೆ ಬರೋಣ. ತೂಗುಬೀಗ ಅವರೇ, ದಾರ ಅಳೆದದ್ದು ಗಂಟಿನವರೆಗೆ ಅಂದಿರಿ. ನಿಮ್ಮ ಬೀಗದ ತೂಕವೆಲ್ಲ ಗಂಟಿನಲ್ಲೇ ಇದೆಯಾ?

ತೂಗುಬೀಗ:
ಅಯ್ಯೋ.

ಗೋಡೆಗಡಿಯಾರ:
ಹಾ! ಅದೇ. ಉದ್ದ ಅಂದರೆ ಮೊಳೆಯಿಂದ ಬೀಗದ ಗುರುತ್ವ ಕೇಂದ್ರದವರೆಗೆ. ಬೀಗದಲ್ಲಿ ಕೊಂಡಿ ಹಗುರ, ಕೆಳಗಿನ ಡಬ್ಬಿ ಭಾರ. ಕೇಂದ್ರ ಗಂಟಿನಿಂದ 3 ಸೆಂ.ಮೀ. ಕೆಳಗಿದ್ದರೆ ಉದ್ದ 83. ನಿಮ್ಮದೇ 1.83ಕ್ಕೆ ಹಾಕಿ ನೋಡಿದೆ, 9.78 ಬರುತ್ತದೆ.

ತೂಗುಬೀಗ:
ಆದರೆ 3 ಅಂತ ನೀವು ಹಾಕಿದ್ದು 9.8 ಹತ್ತಿರ ಬರಲಿ ಅಂತಲ್ಲವೇ? ಅದೂ ಹಿಂದಿನಿಂದ ಲೆಕ್ಕ ಬರೆದ ಹಾಗೇ ಆಯಿತು. ಬೀಗವನ್ನು ಗರಗಸದಲ್ಲಿ ಕೊಯ್ದು ನೋಡಲಾ?

ಗೋಡೆಗಡಿಯಾರ:
ಒಳ್ಳೆ ಏಟು ಕೊಟ್ಟಿರಿ. ಕೊಯ್ಯಬೇಡಿ. ಕೇಂದ್ರ ಎಲ್ಲಿದೆ ಎಂದು ತಿಳಿಯದೆಯೂ ಜಿ ಸಿಗುತ್ತದೆ. ದಾರದ ಉದ್ದ ಮಾತ್ರ ಬದಲಿಸುತ್ತಾ ಹೋಗಿ. 40, 60, 80, 100. ಗಂಟಿನಿಂದ ಕೇಂದ್ರಕ್ಕೆ ಇರುವ ದೂರ ನಾಲ್ಕರಲ್ಲೂ ಒಂದೇ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಾರದ ಉದ್ದ, ನೆಟ್ಟಗೆ ಮೇಲಕ್ಕೆ ಅವಧಿಯ ವರ್ಗ ಹಾಕಿ ಗೆರೆ ಎಳೆಯಿರಿ. ಗೆರೆಯ ಓರೆಯಲ್ಲಿ ಜಿ ಇದೆ, ಪೈ ವರ್ಗದ ನಾಲ್ಕರಷ್ಟನ್ನು ಓರೆಯಿಂದ ಭಾಗಿಸಿದರೆ ಸಿಗುತ್ತದೆ. ಬೀಗದೊಳಗಿನ ಆ ಗೊತ್ತಿಲ್ಲದ ಉದ್ದ ಗೆರೆಯನ್ನು ಮೇಲಕ್ಕೆ ಸರಿಸುತ್ತದೆ, ಓರೆಯನ್ನು ಮುಟ್ಟುವುದಿಲ್ಲ. ಗೆರೆ ಅಡ್ಡ ಅಕ್ಷವನ್ನು ಎಲ್ಲಿ ಕಡಿಯುತ್ತದೆ ಅನ್ನುವುದನ್ನೂ ನೋಡಿಡಿ. ಯಾಕೆ ಅಂತ ಈಗ ಹೇಳಲ್ಲ.

ಇನ್ನೊಂದು. ಬೀಗ ತುದಿಯಲ್ಲಿ ತಿರುಗುವಾಗ ಸ್ಟಾಪ್‌ವಾಚ್ ಒತ್ತಬೇಡಿ. ಅಲ್ಲಿ ಅದು ನಿಧಾನ, ಯಾವಾಗ ತಿರುಗಿತು ಎಂದು ಹೇಳುವುದು ಕಷ್ಟ. ಹಿಂದುಗಡೆ ಗೋಡೆಗೆ ಒಂದು ಗೀಟು ಹಾಕಿ, ಬೀಗ ನಡುವೆ ಜೋರಾಗಿ ಹಾಯುವಾಗ ಒತ್ತಿ.

ತೂಗುಬೀಗ:
ವಾರಾಂತ್ಯಕ್ಕೆ ಮಾಡುತ್ತೇನೆ. ಅಲ್ಲಿಯವರೆಗೆ ನಿಮ್ಮ ಪ್ರಯೋಗಗಳನ್ನು ಬರೆಯುತ್ತಿರಿ.

ಕತ್ತಲೆಕೋಣೆ:
ನನ್ನ ಮೆಚ್ಚಿನದು ತಲೆಕೂದಲಿನ ದಪ್ಪ ಅಳೆಯುವುದು. ಸ್ಕೇಲಿನಲ್ಲಿ ಆಗದ ಕೆಲಸ. ಕಡಿಮೆ ಶಕ್ತಿಯ ಕೆಂಪು ಲೇಸರ್ ಪಾಯಿಂಟರ್ ಮುಂದೆ ಒಂದು ಕೂದಲನ್ನು ಬಿಗಿಯಾಗಿ ಅಂಟಿಸಿ. 2 ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಚುಕ್ಕೆಯಾಗಿ ಉಳಿಯುವುದಿಲ್ಲ. ಅಡ್ಡಕ್ಕೆ ಹರಡಿಕೊಂಡು ನಡುನಡುವೆ ಕಪ್ಪು ಪಟ್ಟೆ ಬರುತ್ತದೆ. ಪಕ್ಕಪಕ್ಕದ ಎರಡು ಕಪ್ಪು ಪಟ್ಟೆಗಳ ನಡುವಿನ ದೂರ ನನಗೆ 1.8 ಸೆಂ.ಮೀ. ಸಿಕ್ಕಿತು. ಲೇಸರಿನ ಅಲೆಯುದ್ದ 650 ನ್ಯಾನೋಮೀಟರ್. ಅದನ್ನು 2 ಮೀಟರಿನಿಂದ ಗುಣಿಸಿ 1.8 ಸೆಂ.ಮೀ.ಯಿಂದ ಭಾಗಿಸಿದರೆ 72 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಕೂದಲು ಸಣ್ಣದಾದಷ್ಟೂ ಪಟ್ಟೆಗಳು ದೂರ ದೂರ ಹೋಗುತ್ತವೆ. ಇದು ಮೊದಲು ನಂಬಿಕೆಗೆ ಬರುವುದಿಲ್ಲ. ಮನೆಮಂದಿಯ ಕೂದಲೆಲ್ಲ ಅಳೆದು ಮುಗಿಸಿದೆ, ಈಗ ನನ್ನನ್ನು ಕಂಡರೆ ಓಡುತ್ತಾರೆ.

ಇದೇ ಲೇಸರನ್ನು ಸಿಡಿಯ ಮೇಲೆ ಬಿಟ್ಟರೆ ಉಲ್ಟಾ ಲೆಕ್ಕ. ಸಿಡಿಯ ಸುತ್ತುಗಳ ನಡುವಿನ ಅಂತರ 1.6 ಮೈಕ್ರಾನ್, ಡಿವಿಡಿಯದ್ದು 0.74. ಕನ್ನಡಿಯಂತೆ ನೇರ ವಾಪಸ್ ಬರುವ ಚುಕ್ಕೆ ಒಂದಿರುತ್ತದೆ. ಅದರಿಂದ ಪಕ್ಕದ ಚುಕ್ಕೆ ಸಿಡಿಯಲ್ಲಿ ಸುಮಾರು 24 ಡಿಗ್ರಿ ವಾಲಿರುತ್ತದೆ, ಡಿವಿಡಿಯಲ್ಲಿ 61. ತಟ್ಟೆಯೊಳಗೆ ಎಷ್ಟು ಒತ್ತೊತ್ತಾಗಿ ಬರೆದಿದ್ದಾರೆ ಎಂದು ಗೋಡೆಯೇ ಹೇಳುತ್ತದೆ.

ಕಣ್ಣು ಜೋಪಾನ. ಲೇಸರ್ ಇರಲಿ, ಅದರ ಪ್ರತಿಫಲನವಿರಲಿ, ಕಣ್ಣಿನ ಮಟ್ಟಕ್ಕೆ ಬರಬಾರದು. ಅಗ್ಗದ ಹಸಿರು ಪಾಯಿಂಟರ್ ಇನ್ನೂ ಕೆಟ್ಟದು. ಅದರಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೋರುತ್ತಿರಬಹುದು. ಕಾಣದ್ದಕ್ಕೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ.

ಮಿಣುಕುಹುಳ:
ಹಗಲು ಹೊತ್ತಿನವರಿಗೆ ಸೂರ್ಯ ಇದ್ದಾನೆ. ಪುಟ್ಟ ಕನ್ನಡಿಗೆ ಕಾಗದ ಅಂಟಿಸಿ, ಕಾಗದದಲ್ಲಿ 5 ಮಿ.ಮೀ. ತೂತು ಬಿಡಿ. ಅದರಿಂದ ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿ. ಗೋಡೆ 10 ಮೀಟರ್ ದೂರ ಇದ್ದರೆ ಸುಮಾರು 9 ಸೆಂ.ಮೀ.ನ ಬಿಂಬ ಬೀಳುತ್ತದೆ. ತೂತು ಚೌಕಾಕಾರವಿದ್ದರೂ ಬಿಂಬ ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನ ಚಿತ್ರ. ದೂರವನ್ನು ಬಿಂಬದ ಅಗಲದಿಂದ ಭಾಗಿಸಿದರೆ 107ರ ಹತ್ತಿರ ಬರುತ್ತದೆ. ಸೂರ್ಯ ತನ್ನ ಅಗಲದ 107ರಷ್ಟು ದೂರದಲ್ಲಿದ್ದಾನೆ ಅಂತ ಅರ್ಥ. ಗೋಡೆಯನ್ನು ನೋಡಿ. ಕನ್ನಡಿಯನ್ನಾಗಲಿ ಸೂರ್ಯನನ್ನಾಗಲಿ ನೋಡಬೇಡಿ.

ಅನುಮಾನರಾಯ:
ಯಾರಾದರೂ ಆ ಮೈಕ್ರೋವೇವ್–ಚಾಕೊಲೇಟ್ ಪ್ರಯೋಗ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ತಿರುಗುವ ತಟ್ಟೆ ತೆಗೆದು ಚಾಕೊಲೇಟ್ ಇಟ್ಟರೆ ಅಲ್ಲಲ್ಲಿ ಕರಗುತ್ತದೆ. ಕರಗಿದ ಜಾಗಗಳ ನಡುವೆ 6 ಸೆಂ.ಮೀ., ಅದರ ಎರಡರಷ್ಟು ಅಲೆಯುದ್ದ, ಗುಣಿಸು ಒಲೆಯ ಹಿಂದೆ ಬರೆದಿರುವ 2450 ಮೆಗಾಹರ್ಟ್ಸ್. ಬಂತು ನೋಡಿ ಬೆಳಕಿನ ವೇಗ!

ಇದು ಅರ್ಧ ಮೋಸ. ಆವರ್ತನವನ್ನು ನೀವು ಅಳೆಯಲಿಲ್ಲ, ಚೀಟಿಯಲ್ಲಿ ಓದಿದಿರಿ. ಒಲೆಯೊಳಗೆ ಅಲೆಗಳು ಮೂರು ದಿಕ್ಕಿಗೂ ಬಡಿದು ಬರುವುದರಿಂದ ಕರಗಿದ ಚುಕ್ಕೆಗಳು ಅಡ್ಡಾದಿಡ್ಡಿ ಬರುತ್ತವೆ. ಅದರಲ್ಲಿ 6 ಸೆಂ.ಮೀ. ದೂರ ಇರುವ ಎರಡನ್ನು ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಉತ್ತರ ಮೊದಲೇ ಗೊತ್ತು. ಇನ್ನೂ ತಮಾಷೆ ಅಂದರೆ, 1983ರಿಂದ ಮೀಟರ್ ಅನ್ನುವುದನ್ನೇ ಬೆಳಕಿನ ವೇಗದಿಂದ ನಿಗದಿ ಮಾಡಿದ್ದಾರೆ. ಸೆಕೆಂಡಿಗೆ 29,97,92,458 ಮೀಟರ್, ಅಷ್ಟೇ, ಬದಲಾಗುವುದಿಲ್ಲ. ಹಾಗೆ ನೋಡಿದರೆ ಚಾಕೊಲೇಟಿನಲ್ಲಿ ನೀವು ಅಳೆದದ್ದು ನಿಮ್ಮ ಸ್ಕೇಲನ್ನು.

ಮೌನಓದುಗಿ:
ಇಷ್ಟು ಯೋಚನೆ ಮಾಡಬೇಕಾದರೆ ನೀವು ಮಾಡಿ ನೋಡಿರಲೇಬೇಕು.

ಅನುಮಾನರಾಯ:
ಮೂರು ಸಲ.

ಹರಳುಹುಚ್ಚ:
ನಾನು ಪಟಿಕದ ಹರಳು ಬೆಳೆಸುವವನು. ಬಿಸಿ ನೀರಿನಲ್ಲಿ ಹಿಡಿಸುವಷ್ಟು ಪಟಿಕ ಕರಗಿಸಿ ಆರಲು ಬಿಟ್ಟರೆ ಸಣ್ಣ ಹರಳುಗಳು ಕೂರುತ್ತವೆ. ಅದರಲ್ಲಿ ಚೆಂದದ್ದೊಂದನ್ನು ದಾರಕ್ಕೆ ಕಟ್ಟಿ ತಣ್ಣಗಿನ ದ್ರಾವಣದಲ್ಲಿ ಇಳಿಬಿಟ್ಟರೆ ದಿನಾ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಎಂಟು ಮುಖ, ಚಾಕುವಿನಲ್ಲಿ ಕೆತ್ತಿದ ಹಾಗೆ.

ಒಂದು ಸಲ ಮೂರು ವಾರ ಬೆಳೆಸಿದ್ದೆ. ಬೇಗ ದೊಡ್ಡದಾಗಲಿ ಎಂದು ಹೊಸ ದ್ರಾವಣ ಮಾಡಿ ಸುರಿದೆ. ಅದು ಇನ್ನೂ ಬೆಚ್ಚಗಿತ್ತು. ಬೆಚ್ಚಗಿನ ನೀರು ಜಾಸ್ತಿ ಪಟಿಕ ಕೇಳುತ್ತದೆ, ಕೈಗೆ ಸಿಕ್ಕಿದ್ದು ನನ್ನ ಹರಳು. ಬೆಳಿಗ್ಗೆ ನೋಡಿದರೆ ಬರೀ ದಾರ.

ಇನ್ನೊಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಬೇರೆಯವರು ಮಾಡದಿರಲಿ. ನೀರನ್ನು ಒಡೆದು ಹೈಡ್ರೋಜನ್ ತೆಗೆಯೋಣ ಎಂದು ಬ್ಯಾಟರಿ, ಸ್ಟೀಲ್ ಚಮಚ, ಉಪ್ಪುನೀರು ಇಟ್ಟುಕೊಂಡು ಮುಚ್ಚಿದ ಬಚ್ಚಲಲ್ಲಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಈಜುಕೊಳದ ವಾಸನೆ, ಗಂಟಲು ಉರಿ. ಉಪ್ಪಿನಲ್ಲಿ ಕ್ಲೋರೈಡ್ ಇದೆ ಅನ್ನುವುದು ಆ ಹೊತ್ತಿಗೆ ನೆನಪಾಯಿತು. ಬಂದದ್ದು ಕ್ಲೋರಿನ್. ಸ್ಟೀಲ್ ಚಮಚದಿಂದ ಕ್ರೋಮಿಯಂನ ವಿಷವೂ ನೀರಿಗೆ ಬಿಡಬಹುದು. ಉಪ್ಪಿನ ಬದಲು ಬಟ್ಟೆ ಸೋಡಾ, ಸ್ಟೀಲಿನ ಬದಲು ಪೆನ್ಸಿಲ್ ಸೀಸ, ಬಚ್ಚಲಿನ ಬದಲು ತೆರೆದ ಜಾಗ. ಹಾಗೇ, ಬ್ಲೀಚಿಗೆ ಆಮ್ಲವಾಗಲಿ ಅಮೋನಿಯಾ ಆಗಲಿ ಯಾವತ್ತೂ ಬೆರೆಸಬೇಡಿ. ಹಾಳಾದ ಮೈಕ್ರೋವೇವ್ ಒಲೆ ಬಿಚ್ಚಿ ಟ್ರಾನ್ಸ್‌ಫಾರ್ಮರ್ ತೆಗೆಯುವ ಯೋಚನೆ ಇದ್ದರೆ ಇವತ್ತೇ ಬಿಟ್ಟುಬಿಡಿ. ಅದು ಆಟದ ಸಾಮಾನಲ್ಲ, ಜೀವ ತೆಗೆಯುತ್ತದೆ.

ಗೋಡೆಗಡಿಯಾರ:
ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಅನ್ನುವುದನ್ನು ಯಾರಾದರೂ ಪರೀಕ್ಷೆ ಮಾಡಿದ್ದೀರಾ? ಟಾಂಜಾನಿಯಾದ ವಿದ್ಯಾರ್ಥಿ ಎಂಪೆಂಬಾ 1963ರಲ್ಲಿ ಶಾಲೆಯಲ್ಲಿ ಐಸ್‌ಕ್ರೀಮ್ ಮಾಡುವಾಗ ಕಂಡದ್ದು. 1969ರಲ್ಲಿ ಪ್ರಾಧ್ಯಾಪಕ ಆಸ್ಬಾರ್ನ್ ಜೊತೆ ಸೇರಿ ಲೇಖನವನ್ನೂ ಬರೆದರು. ಜಗಳ ಇನ್ನೂ ಮುಗಿದಿಲ್ಲ. 2016ರಲ್ಲಿ ಇಬ್ಬರು ವಿಜ್ಞಾನಿಗಳು ಜೋಪಾನವಾಗಿ ಅಳೆದು, ಅಂಥ ಪರಿಣಾಮ ಕಾಣಲೇ ಇಲ್ಲ ಅಂದರು.

ಕತ್ತಲೆಕೋಣೆ:
ಮಾಡಿದ್ದೇನೆ. ಒಂದೇ ಥರದ ಎರಡು ಲೋಟ, ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣೀರು. ಮೊದಲ ದಿನ ಬಿಸಿ ಗೆದ್ದಿತು, ಕುಣಿದಾಡಿದೆ. ಎರಡನೇ ದಿನ ಲೋಟಗಳ ಜಾಗ ಅದಲುಬದಲು ಮಾಡಿದೆ, ತಣ್ಣೀರು ಗೆದ್ದಿತು. ಹೀಗೇ ಒಂದು ವಾರ. ಗೆಲ್ಲುತ್ತಿದ್ದದ್ದು ಬಿಸಿಯೂ ಅಲ್ಲ, ತಣ್ಣಗಿನದೂ ಅಲ್ಲ. ಫ್ರೀಜರಿನ ಹಿಂದಿನ ಗೋಡೆಗೆ ತಾಗಿ ಕೂತ ಲೋಟ.

ಇನ್ನೊಂದು ತಲೆನೋವು. "ಹೆಪ್ಪುಗಟ್ಟಿತು" ಅಂದರೆ ಯಾವಾಗ? ಮೊದಲ ಐಸ್ ಎಳೆ ಕಂಡಾಗಲೋ, ಪೂರ್ತಿ ಗಟ್ಟಿಯಾದಾಗಲೋ? ಮತ್ತೆ ಮತ್ತೆ ಬಾಗಿಲು ತೆಗೆದು ಇಣುಕಿದರೆ ಫ್ರೀಜರಿನ ಚಳಿಯೇ ಬದಲಾಗುತ್ತದೆ. ನೋಡದೆ ಗೊತ್ತಾಗಲ್ಲ, ನೋಡಿದರೆ ಕೆಡುತ್ತದೆ.

ಅನುಮಾನರಾಯ:
ಜಾಗ ಅದಲುಬದಲು ಮಾಡಿದ್ದು ಇಷ್ಟವಾಯಿತು. ಮೊದಲ ದಿನವೇ ನಿಲ್ಲಿಸುವವರೇ ಜಾಸ್ತಿ.

ತೂಗುಬೀಗ:
ಬಂದೆ. ಗೋಡೆಗೆ ಗೀಟು ಹಾಕಿ, ಸೊನ್ನೆಯಿಂದ ಎಣಿಸಿ, ಒಂದೊಂದು ಉದ್ದಕ್ಕೂ ಐದು ಸಲ ಮಾಡಿದ ಸರಾಸರಿ ಇದು. 20 ತೂಗಾಟಕ್ಕೆ:

40 ಸೆಂ.ಮೀ. – 26.3 ಸೆಕೆಂಡು
60 ಸೆಂ.ಮೀ. – 31.9
80 ಸೆಂ.ಮೀ. – 36.6
100 ಸೆಂ.ಮೀ. – 40.7

ಗೆರೆ ಎಳೆದೆ. ನಾಲ್ಕು ಚುಕ್ಕೆಗಳೂ ಗೆರೆಗೆ ಅಂಟಿಕೊಂಡೇ ಇವೆ. ಓರೆಯಿಂದ ಜಿ 9.82. ಗೆರೆಯನ್ನು ಎಡಕ್ಕೆ ಎಳೆಯುತ್ತಾ ಹೋದರೆ ಅದು ಸೊನ್ನೆಯ ಮೂಲಕ ಹಾಯುವುದಿಲ್ಲ. ಸೊನ್ನೆಗಿಂತ 3.1 ಸೆಂ.ಮೀ. ಹಿಂದೆ ಅಡ್ಡ ಅಕ್ಷವನ್ನು ಕಡಿಯುತ್ತದೆ.

ಇದನ್ನು ನೋಡಿ ಎರಡು ನಿಮಿಷ ಸುಮ್ಮನೆ ಕೂತೆ. ಆಮೇಲೆ ಬೀಗ ಬಿಚ್ಚಿ, ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಬೀಗ ಅಡ್ಡ ಮಲಗಿಸಿ, ಅತ್ತಿತ್ತ ವಾಲದ ಜಾಗ ಹುಡುಕಿದೆ. ಗಂಟು ಇದ್ದ ಜಾಗದಿಂದ ಅಲ್ಲಿಗೆ 3 ಸೆಂ.ಮೀ. ಬೀಗದ ಹೊಟ್ಟೆಯೊಳಗೆ ಎಲ್ಲಿ ತೂಕ ಇದೆ ಎಂದು ಗ್ರಾಫ್ ಹಾಳೆಗೆ ಮೊದಲೇ ಗೊತ್ತಿತ್ತು!

ಗೋಡೆಗಡಿಯಾರ:
ಅದನ್ನೇ ಅವತ್ತು ಹೇಳದೆ ಉಳಿಸಿಕೊಂಡದ್ದು. ಆದರೆ 9.82ರ ಕೊನೆಯ ಅಂಕಿಯನ್ನು ಜಾಸ್ತಿ ನಂಬಬೇಡಿ. ನಿಮ್ಮ ಸ್ಟಾಪ್‌ವಾಚಿನ ಲೆಕ್ಕದಲ್ಲಿ 0.05 ಆಚೀಚೆ ಇರಬಹುದು. ಸಮಭಾಜಕದಲ್ಲಿ ಜಿ 9.78, ಧ್ರುವಗಳಲ್ಲಿ 9.83. ಈ ಇಡೀ ವ್ಯತ್ಯಾಸ ನಿಮ್ಮ ಆಚೀಚೆಯೊಳಗೇ ಮುಳುಗಿಹೋಗುತ್ತದೆ. 1672ರಲ್ಲಿ ಫ್ರೆಂಚ್ ಖಗೋಳ ವಿಜ್ಞಾನಿ ಝಾನ್ ರಿಶೆ ಪ್ಯಾರಿಸ್ಸಿನಿಂದ ಸಮಭಾಜಕದ ಹತ್ತಿರದ ಕೇಯೆನ್‌ಗೆ ಹೋದಾಗ ಅವನ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ, ಅಲ್ಲಿ ಜಿ ಕಡಿಮೆ. ಇಡೀ ದಿನ ಎಣಿಸುವ ಲೋಲಕಕ್ಕೆ ಅದು ಸಿಗುತ್ತದೆ, 20 ತೂಗಾಟಕ್ಕೆ ಸಿಗುವುದಿಲ್ಲ.

ತೂಗುಬೀಗ:
ಹಾಗಾದರೆ 200 ಎಣಿಸುತ್ತೇನೆ. ನಿನ್ನೆ ಸುಮ್ನೆ ಬಿಟ್ಟು ನೋಡಿದೆ ಕೂಡ. ಅದರಲ್ಲೊಂದು ವಿಚಿತ್ರ. ಮೊದಮೊದಲು ಬೀಗ ನೆಟ್ಟಗೆ ಹೋಗಿ ಬರುತ್ತದೆ. 50–60 ತೂಗಾಟ ಆಗುವಷ್ಟರಲ್ಲಿ ಮೊಟ್ಟೆಯಾಕಾರದಲ್ಲಿ ಸುತ್ತುತ್ತದೆ. ಗಾಳಿ ಇಲ್ಲ, ಫ್ಯಾನ್ ಹಾಕಿರಲಿಲ್ಲ.

ಮೌನಓದುಗಿ:
ಬಿಡುವಾಗ ಬೆರಳು ಪಕ್ಕಕ್ಕೆ ತಳ್ಳುತ್ತಿರಬಹುದು. ಫ್ರೆಂಚ್ ವಿಜ್ಞಾನಿ ಫುಕೋ 1851ರಲ್ಲಿ ತನ್ನ ಲೋಲಕವನ್ನು ಕೈಯಿಂದ ಬಿಡುತ್ತಿರಲಿಲ್ಲ. ದಾರದಲ್ಲಿ ಪಕ್ಕಕ್ಕೆ ಕಟ್ಟಿಟ್ಟು, ಆ ದಾರವನ್ನು ಸುಡುತ್ತಿದ್ದ. ಭೂಮಿ ತಿರುಗುವುದನ್ನು ತೋರಿಸಿದ ಆ ಪ್ರಯೋಗವನ್ನು ಅವನು ಮೊದಲು ಮಾಡಿದ್ದು ತನ್ನ ಮನೆಯ ನೆಲಮಾಳಿಗೆಯಲ್ಲಿ, 2 ಮೀಟರ್ ತಂತಿಯಲ್ಲಿ.

ಅನುಮಾನರಾಯ:
ದಾರ ಸುಟ್ಟರೂ ಸುತ್ತುತ್ತದೆ. ಮೊಳೆ ಒಂದು ಕಡೆಗೆ ಜಾಸ್ತಿ ಬಾಗುತ್ತಿರಬೇಕು, ಇಲ್ಲವೇ ಮೊಳೆಯ ಮೇಲೆ ದಾರ ಉರುಳುತ್ತಿರಬೇಕು. ನನ್ನದೂ ನಿನ್ನೆಯಿಂದ ಹಾಗೇ ಆಗುತ್ತಿದೆ.

ತೂಗುಬೀಗ:
ನಿಮ್ಮದೂ?

ಅನುಮಾನರಾಯ:
ಬೀಗ ಸಿಗಲಿಲ್ಲ, ದೊಡ್ಡ ನಟ್ಟು ಕಟ್ಟಿದ್ದೇನೆ. ನಾಳೆ ಮೊಳೆ ತೆಗೆದು, ದಾರವನ್ನು ಎರಡು ಮರದ ತುಂಡುಗಳ ನಡುವೆ ಕಚ್ಚಿಸಿ ನೋಡುತ್ತೇನೆ. ನೀವು ಮೊಳೆಯನ್ನು ಹಾಗೇ ಬಿಡಿ. ಇಬ್ಬರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ.